ಪ್ಲೇಟಿನ ಕೊನೆಗೆ ಹೇಳಿದ ಹೆಸರು

ನನ್ನ ತಂಗಿಯ ಮೊಮ್ಮಗ ಈಚೆಗೆ ರೇಡಿಯೋ ಕೆಲಸಕ್ಕೆ ಸೇರಿದ್ದಾನೆ. ಹಾಡು ಮುಗಿದ ಕೂಡಲೇ ಹಾಡಿದವರ ಹೆಸರು ಹೇಳುವುದು ಅವನ ಕೆಲಸಗಳಲ್ಲಿ ಒಂದು. ಅವನೂ ಅವನ ಗೆಳೆಯರೂ ಮನೆಗೆ ಬಂದಿದ್ದಾಗ, ಗ್ರಾಮಫೋನಿನ ಕಾಲದಲ್ಲಿ ನಮ್ಮ ಕೆಲಸ ಹೇಗಿತ್ತೆಂದು ಬರೆದುಕೊಡಬೇಕೆಂದು ಕೇಳಿದರು. ನಗು ಬರುವ ಸಂಗತಿಗಳನ್ನು ಬರೆಯುತ್ತೇನೆಂದು ಅವರ ಎಣಿಕೆ. ಅಂಥವೂ ಇವೆ. ಆದರೆ ಆ ಕೆಲಸದಲ್ಲಿದ್ದುಕೊಂಡು ನಾನು ಒಬ್ಬ ಮನುಷ್ಯನ ಹೆಸರನ್ನು ಅಳಿಸಿದೆ. ಅದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಬರೆದರೆ ಆ ಹುಡುಗರಿಗೆ ಮೋಸ ಮಾಡಿದಂತಾಗುತ್ತದೆ.

ನಾನು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯವನು, ಲಿಂಗವಂತರ ಮನೆಯ ಹುಡುಗ. ಮೈಸೂರಿನಲ್ಲಿ ಹೈಸ್ಕೂಲು ಮುಗಿಸಿದೆ. ಅಮಲ್ದಾರರ ಕಚೇರಿಯಲ್ಲಿ ಕೆಲಸ ಸಿಕ್ಕಲಿಲ್ಲ. ಸಂತೇಪೇಟೆಯಲ್ಲಿ ಹಾರ್ಮೋನಿಯಂ, ಪಿಟೀಲು, ಗ್ರಾಮಫೋನು ಮಾರುತ್ತಿದ್ದ ಶೆಟ್ಟರೊಬ್ಬರು ನನ್ನನ್ನು ಸೇರಿಸಿಕೊಂಡರು. ನನಗೆ ಎರಡು ಕೆಲಸ. ಹುಣಸೂರು, ಪಿರಿಯಾಪಟ್ಟಣ, ಎಡತೊರೆ, ಹೆಗ್ಗಡದೇವನಕೋಟೆಗಳ ಕಡೆ ಗ್ರಾಮಫೋನು ಪೆಟ್ಟಿಗೆ ತೆಗೆದುಕೊಂಡು ಹೋಗಿ ಪ್ಲೇಟು ಕೇಳಿಸಿ ಮಾರುವುದು ಒಂದು. ಒಳ್ಳೆಯ ಹಾಡುಗಾರರು ಸಿಕ್ಕಿದರೆ ಅವರನ್ನು ಮದರಾಸಿಗೋ ಬೊಂಬಾಯಿಗೋ ಕರೆದುಕೊಂಡು ಹೋಗಿ ಪ್ಲೇಟು ಮಾಡಿಸಿ ತರುವುದು ಇನ್ನೊಂದು. ಎಡತೊರೆಗೆ ಆಗಿನ್ನೂ ಕೃಷ್ಣರಾಜನಗರ ಎಂಬ ಹೆಸರು ಬಂದಿರಲಿಲ್ಲ. ಜನ ನನ್ನನ್ನು ಪ್ಲೇಟು ಗುರಪ್ಪ ಎಂದು ಕರೆಯುತ್ತಿದ್ದರು.

ಹಳ್ಳಿಯ ಕೇಳುಗರನ್ನು ಕುರಿತು ಪಟ್ಟಣದವರು ಹೇಳುವ ತಮಾಷೆ ಕಥೆಗಳನ್ನು ನಂಬಬೇಡಿ. ಪೆಟ್ಟಿಗೆಯೊಳಗೆ ಮನುಷ್ಯ ಕೂತಿದ್ದಾನೆಂದು ತಿಳಿದವರನ್ನು ನಾನು ಎಲ್ಲೂ ಕಾಣಲಿಲ್ಲ. ಎನ್. ಬೇಗೂರಿನಲ್ಲಿ ಎತ್ತಿನ ಗಾಡಿಯ ಮೇಲೆ ಪೆಟ್ಟಿಗೆ ಇಟ್ಟು ಮದರಾಸಿನ ವಿದ್ವಾಂಸರೊಬ್ಬರ ಪ್ಲೇಟು ಹಾಕಿದಾಗ ಅಲ್ಲಿನ ಯಜಮಾನನೊಬ್ಬ ಎರಡು ಸಲ "ಸೈ" ಎಂದ. ಆಮೇಲೆ ಮುಖ ಸಪ್ಪೆ ಮಾಡಿಕೊಂಡು ಪಕ್ಕದವನಿಗೆ, "ಇವನೇನ್ಲಾ, ಸೈ ಅಂದ್ರೂ ಅದೇ ದಾಟೀಲಿ ಓಯ್ತಾನೆ. ಮನ್ಸರ ಮಾತಿಗೆ ಬೆಲೆ ಕೊಡ್ದೇ ಇರೋನ ಪಾಟು ನಮಗ್ಯಾಕೆ ಬುಡು" ಎಂದ. ಮೆಚ್ಚಿದರೆ ಹಾಡುವವನು ಆ ಸಾಲನ್ನು ಮತ್ತೆ ಎತ್ತಿಕೊಳ್ಳಬೇಕು, ಅದು ಅವರ ಪದ್ಧತಿ. ಆ ಊರಿನಲ್ಲಿ ನನ್ನ ಒಂದು ಪ್ಲೇಟೂ ಹೋಗಲಿಲ್ಲ. ಆ ಯಜಮಾನ ಹೇಳಿದ್ದು ಸರಿಯೆಂದು ಈಗಲೂ ಅನ್ನಿಸುತ್ತದೆ.

ಇನ್ನು ಹೆಸರಿನ ವಿಷಯ. ಆಗ ಮೈಕು ಇರಲಿಲ್ಲ. ದೊಡ್ಡ ತಗಡಿನ ಕೊಂಬಿನೊಳಕ್ಕೆ ಮುಖವಿಟ್ಟು ಹಾಡಬೇಕು. ಆ ದನಿ ಗೋಡೆಯ ಆಚೆ ಮೇಣದ ತಟ್ಟೆಯ ಮೇಲೆ ಗೀರು ಹಾಕುತ್ತಿತ್ತು. ಆ ಮೇಣ ದೂರದ ಕಾರ್ಖಾನೆಗೆ ಹೋಗಿ ಪ್ಲೇಟಾಗಿ ಬರುವಷ್ಟರಲ್ಲಿ ಯಾವುದು ಯಾರದೆಂದು ತಿಳಿಯದೆ ಹೋಗಬಾರದಲ್ಲ. ಅದಕ್ಕೆ ಹಾಡು ಮುಗಿದ ಮೇಲೆ ಹಾಡಿದವರೇ ಕೊಂಬಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಿದ್ದರು. ಬೇರೆ ಕಡೆ ಈ ರೂಢಿ ಬೇಗ ನಿಂತಿತಂತೆ. ನಮ್ಮವರಿಗೆ ಮಾತ್ರ ಅದರ ಮೇಲೆ ಬಹಳ ಆಸೆ. ಹಾಡಿಗಿಂತ ಹೆಚ್ಚಾಗಿ ಹೆಸರಿಗೆ ಕಿವಿಗೊಡುತ್ತಿದ್ದರು. ಹೆಸರು ಬಂದ ಕೂಡಲೇ ಜಾತಿಯೂ ಗೊತ್ತಾಗುತ್ತಿತ್ತು.

ಪಿರಿಯಾಪಟ್ಟಣದ ದೊಡ್ಡ ಮನೆಯೊಂದರ ಗೃಹಪ್ರವೇಶಕ್ಕೆ ನಾನೊಂದು ದೇವರ ನಾಮದ ಪ್ಲೇಟು ಕೊಟ್ಟಿದ್ದೆ. ಎಲ್ಲರೂ ಕೈಮುಗಿದು ಕೇಳಿದರು. ಕೊನೆಗೆ ಹಾಡಿದ ಹೆಂಗಸು ತನ್ನ ಹೆಸರು ಹೇಳಿದಳು. ಹೆಸರಿನ ಕೊನೆಯಲ್ಲಿ "ಸಾನಿ" ಇತ್ತು, ಎಂದರೆ ದೇವದಾಸಿಯರ ಕುಲದವಳು. ನಾಲ್ಕು ದಿನಕ್ಕೆ ಪ್ಲೇಟು ಅಂಗಡಿಗೆ ವಾಪಸ್ಸು ಬಂತು. ಮಡಿಯಾಗಲೆಂದು ಅದನ್ನು ಹುಣಸೆಹಣ್ಣು ಹಾಕಿ ಹಿತ್ತಾಳೆ ಚೊಂಬಿನ ಹಾಗೆ ಉಜ್ಜಿ ತೊಳೆದಿದ್ದರು. ಗೀರುಗಳೆಲ್ಲ ಹೋಗಿ ಒಳ್ಳೆ ಹೊಳಪು ಬಂದಿತ್ತು. ಶೆಟ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಗುರಪ್ಪ, ಇನ್ನು ಮೇಲೆ ಹಾಡು ನೋಡೋಕೆ ಮುಂಚೆ ಹೆಸರಿನ ಬಾಲ ನೋಡು" ಎಂದರು. ಅಂಗಡಿಯಲ್ಲಿ ಎಲ್ಲರೂ ನಕ್ಕೆವು. ಆ ನಗುವಿನಲ್ಲೇ ಅದು ಅಂಗಡಿಯ ಕಾನೂನಾಯಿತು.

ಮಾದಯ್ಯ ನನಗೆ ಸಿಕ್ಕಿದ್ದು ಆ ಮುಂದಿನ ವರ್ಷ, ಮಿರ್ಲೆಯಲ್ಲಿ. ಅವನು ಆದಿಕರ್ನಾಟಕರ ಕೇರಿಯವನು. ಏಕತಾರಿ ಹಿಡಿದು ಗುರುವಿನ ಪದಗಳನ್ನು ಹಾಡುತ್ತಿದ್ದ. ಒಕ್ಕಣೆ ಕಣದ ಆಚೆ, ಬೇಲಿಯ ಹೊರಗೆ ಕೂತು ಹಾಡುತ್ತಿದ್ದವನ ದನಿ ಕೇಳಿ ನಾನು ಗಾಡಿ ನಿಲ್ಲಿಸಿದೆ. ಅಂಥ ದನಿಯನ್ನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೆಯೂ ಕೇಳಲಿಲ್ಲ. ಬೊಂಬಾಯಿಗೆ ಬರುತ್ತೀಯಾ ಎಂದೆ. ಅವನ ಹೆಂಡತಿ ಸಣ್ಣಮ್ಮ ಬೇಡವೆಂದಳು. ಮಾದಯ್ಯ ಪೆಟ್ಟಿಗೆಯನ್ನೇ ನೋಡುತ್ತಾ, ಒಂದು ಪ್ಲೇಟು ಹಾಕಿಸಿ ಕೊನೆಯತನಕ ಕೇಳಿದ. ಕೇಳಿ, "ಬುದ್ಧಿ, ನಾನ್ ಆಡುದ್ರೆ ಕಡೇಲಿ ನನ್ನೆಸ್ರೂ ಇಂಗೇ ಬತ್ತದಾ?" ಎಂದ.

ಬರುತ್ತದೆ ಎಂದೆ.

"ಅಂಗಾದ್ರೆ ಬತ್ತೀನಿ. ದೊಡ್ಡೋರ್ ಮನೆ ಒಳೀಕೆ ನಾನಂತೂ ಓಗೋ ಅಂಗಿಲ್ಲ. ನನ್ನೆಸ್ರಾದ್ರೂ ಓಗಿ ನಡುಮನೇಲಿ ನಿಂತ್ಕಳ್ಳಿ."

ಆ ಊರಿನಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಲೋ" ಎಂದರೆ ಅವನು, ಅವನ ತಮ್ಮ, ಅವನ ಅಪ್ಪ ಮೂವರೂ ತಿರುಗಬೇಕು. ಅವನಿಗೆ ಬೇಕಾಗಿದ್ದದ್ದು ಹೆಸರೊಂದೇ. ಬೇರೆ ಏನನ್ನೂ ಅವನು ಕೇಳಲಿಲ್ಲ.

ಶೆಟ್ಟರಿಗೆ ಹೇಳಿದೆ. ಹಾಡು ಸರಿ, ಹೆಸರು ಆಗುವುದಿಲ್ಲ ಎಂದರು. ಮಹದೇವ ಶಾಸ್ತ್ರಿ ಎಂದು ಹಾಕಿಸಿಕೊಂಡು ಬಾ ಎಂದರು. ಮಾದಯ್ಯ ಒಪ್ಪುವುದಿಲ್ಲವೆಂದು ನನಗೆ ಗೊತ್ತಿತ್ತು. ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು ಎಂದುಕೊಂಡು ರೈಲು ಹತ್ತಿದೆ.

ಊರುಗಳನ್ನು ಕಣ್ಣಿನಿಂದ ನೋಡುವುದು ನನ್ನ ಅಭ್ಯಾಸ. ಮೈಸೂರೆಂದರೆ ಅರಮನೆಯ ದೀಪ, ಬೆಂಗಳೂರೆಂದರೆ ದಂಡಿನ ಅಗಲವಾದ ರಸ್ತೆ, ಮದರಾಸೆಂದರೆ ಬೆವರು ಮತ್ತು ಸಮುದ್ರ. ಮಾದಯ್ಯ ಊರುಗಳನ್ನು ಕಿವಿಯಿಂದ ನೋಡುತ್ತಿದ್ದ. ರೈಲು ನಿಂತ ಕಡೆಯಲ್ಲೆಲ್ಲ ಏಕತಾರಿಯ ಬಿರಡೆ ತಿರುಗಿಸಿ ಆ ಊರಿನ ಶ್ರುತಿಗೆ ಕೂಡಿಸುತ್ತಿದ್ದ. ಮೈಸೂರು ಜಟಕಾ ಗೆಜ್ಜೆಯ ಊರು, ಮೆತ್ತಗಿದೆ. ಬೆಂಗಳೂರು ತುತ್ತೂರಿಯದು, ಎದೆ ಸೆಟೆದುಕೊಂಡಿದೆ. ಹುಬ್ಬಳ್ಳಿಯಲ್ಲಿ ಜನ ಮಾತಾಡುವಾಗಲೇ ತಾಳ ಇದೆ ಎಂದ. ಪುಣೆಯಲ್ಲಿ ಯಾವುದೋ ಮಾಳಿಗೆಯ ಮೇಲೆ ತಂಬೂರಿ ಕೇಳಿ ಬೀದಿಯಲ್ಲೇ ನಿಂತುಬಿಟ್ಟ, ಎಳೆದುಕೊಂಡು ಬರಬೇಕಾಯಿತು. ಬೊಂಬಾಯಿಯ ಗಿರಣಿಗಳೆಲ್ಲ ಒಟ್ಟಿಗೆ ಸಿಳ್ಳು ಹಾಕಿದಾಗ ತಂತಿಯ ಮೇಲಿನ ಬೆರಳು ತೆಗೆದು, "ಈ ಊರ್ಗೆ ಶ್ರುತಿ ಮಾಡೋಕಾಗಕಿಲ್ಲ ಬುದ್ಧಿ, ಇದು ಯಾರ್ಗೂ ಕಾಯಾಕಿಲ್ಲ" ಎಂದ.

ಬೊಂಬಾಯಿಯಲ್ಲಿ ನಮ್ಮ ಕಡೆಯವರ ಖಾನಾವಳಿ ಇತ್ತು. ಬಾಗಿಲಲ್ಲೇ ಯಾವ ಜನ ಎಂದು ಕೇಳಿದರು. ನನ್ನನ್ನು ಒಳಕ್ಕೆ ಕರೆದರು. ಅವನಿಗೆ ಹೊರಗೆ ಎಲೆ ಹಾಕುತ್ತೇವೆ ಎಂದರು. ಅವನು, ಹಸಿವಿಲ್ಲ, ನೀವು ಉಂಡು ಬನ್ನಿ ಎಂದ. ನಾನು ಉಂಡು ಬಂದೆ. ಅದನ್ನೂ ಇಲ್ಲಿ ಬರೆದಿಡುತ್ತೇನೆ.

ಇಬ್ಬರಿಗೂ ಜಾಗ ಕೊಟ್ಟವನು ಮೆಹರಬಾನ್ ಎಂಬ ಇರಾನಿ. ಟೀ ಅಂಗಡಿಯವನು, ನನ್ನಷ್ಟೇ ವಯಸ್ಸಿನವನು. ನನ್ನ ಮೈಸೂರಿನ ಹರಕು ಉರ್ದು ಅವನಿಗೆ ನಗು ತರುತ್ತಿತ್ತು. ನಮ್ಮನ್ನು ಜಾತಿ ಕೇಳಲಿಲ್ಲ, ಹೆಸರು ಕೇಳಿದ. ಮಾದಯ್ಯ ತನ್ನ ಹೆಸರು ಹೇಳಿದ. "ಮಾದಯ್ಯ ಸಾಹೇಬ್, ಕೂತುಕೊಳ್ಳಿ" ಎಂದು ಮೆಹರಬಾನ್ ಕುರ್ಚಿ ಎಳೆದ. ಮಾದಯ್ಯ ನನ್ನ ಮುಖ ನೋಡಿದ. ಕುರ್ಚಿಯ ಮೇಲೆ ಕೂರಲು ಅವನಿಗೆ ನನ್ನ ಅಪ್ಪಣೆ ಬೇಕಾಗಿತ್ತು.

ಮೆಹರಬಾನನ ಮನೆಯವರು ಬಹಾಯಿಗಳು. ಇರಾನಿನಲ್ಲಿ ಈ ಮತದವರಿಗೆ ಬಹಳ ಹಿಂಸೆಯಾಗಿ ಹಲವು ಕುಟುಂಬಗಳು ಇತ್ತ ಬಂದಿದ್ದವು. ಹತ್ತೊಂಬತ್ತು ದಿನಕ್ಕೊಮ್ಮೆ ಅವರೆಲ್ಲ ಒಂದು ಕಡೆ ಸೇರುತ್ತಾರೆ. ಒಂದು ಸಲ ನಮ್ಮನ್ನೂ ಕರೆದುಕೊಂಡು ಹೋದ. ಪಾರಸಿಗಳಾಗಿ ಹುಟ್ಟಿದವರು, ಮುಸಲ್ಮಾನರಾಗಿ ಹುಟ್ಟಿದವರು, ಒಬ್ಬಿಬ್ಬರು ಗುಜರಾತಿ ಹಿಂದೂಗಳು, ಹೆಂಗಸರು ಗಂಡಸರು ಒಂದೇ ಜಮಖಾನದ ಮೇಲೆ ಕೂತಿದ್ದರು. ಪುರೋಹಿತನೂ ಇಲ್ಲ, ಮುಲ್ಲಾನೂ ಇಲ್ಲ. ಒಬ್ಬರಾದ ಮೇಲೆ ಒಬ್ಬರು ಪ್ರಾರ್ಥನೆ ಓದಿದರು. ಒಬ್ಬ ಮುದುಕಿ ಮಾತ್ರ ಕಣ್ಣು ಮುಚ್ಚಿ ಇರಾನಿನ ಭಾಷೆಯಲ್ಲಿ ರಾಗವಾಗಿ ಹಾಡಿದಳು, ವಾದ್ಯವಿಲ್ಲದೆ. ಮಾದಯ್ಯ ಏಕತಾರಿಯನ್ನು ಅವಳ ದನಿಗೆ ಕೂಡಿಸಿ ಮೆಲ್ಲಗೆ ಮೀಟಿದ. ನಾನು ಹೆದರಿ ಅವನ ಕೈ ಹಿಡಿಯಹೋದೆ. ಮುದುಕಿ ನಿಲ್ಲಿಸಲಿಲ್ಲ, ತಲೆದೂಗಿದಳು. ಆಮೇಲೆ ಅವನು ತನ್ನ ಗುರುವಿನ ಪದ ಹಾಡಿದ. ಒಂದು ಮಾತೂ ತಿಳಿಯದ ಆ ಜನ ಮುಗಿದ ಮೇಲೆ ಇನ್ನೊಂದು ಹಾಡೆಂದು ಕೇಳಿದರು.

ಅವರು ಒಬ್ಬರನ್ನೊಬ್ಬರು ಕಂಡಾಗ "ಅಲ್ಲಾಹು ಅಭಾ" ಎನ್ನುತ್ತಾರೆ. ಮಾದಯ್ಯನಿಗೆ ಕೇಳಿಸಿದ್ದು "ಅಬ್ಬಾ" ಎಂದು. "ಇವರೂ ನಮ್ಮಂಗೆ ದಣುದ್ ಬಂದೋರು ಬುದ್ಧಿ. ಸೇರುದ್ ತಕ್ಷಣ ಅಬ್ಬಾ ಅಂತಾರೆ" ಎಂದ.

ಊಟಕ್ಕೆ ಇಟ್ಟಾಗ ಮನೆಯ ಯಜಮಾನನೇ ನಿಂತು ಬಡಿಸಿದ. ನನ್ನ ಪಕ್ಕದಲ್ಲೇ ಮಾದಯ್ಯನಿಗೆ ತಟ್ಟೆ. ನನ್ನ ಕೈ ಅನ್ನಕ್ಕೆ ಹೋಗಲಿಲ್ಲ. ಇವತ್ತು ನನಗೆ ವಾರದ ಉಪವಾಸ ಎಂದೆ. ಬಹಾಯಿಗಳಿಗೂ ಉಪವಾಸದ ತಿಂಗಳಿದೆ, ಅದರ ಮೇಲೆ ಗೌರವವೂ ಇದೆ. ಪಾಪ, ನನ್ನ ತಟ್ಟೆಯನ್ನು ಮುಚ್ಚಿಟ್ಟು, ಹೊತ್ತು ಮುಳುಗಿದ ಕೂಡಲೇ ಮೆಹರಬಾನ್ ಅದನ್ನು ಬಿಸಿ ಮಾಡಿಸಿ ನನ್ನ ಮುಂದೆ ತಂದಿಟ್ಟ. ಎಲ್ಲರೂ ನನ್ನ ವ್ರತ ಮುಗಿಯುವುದನ್ನು ನೋಡಲು ಪ್ರೀತಿಯಿಂದ ಸುತ್ತ ಕೂತರು. ಮಾದಯ್ಯ ತಲೆ ತಗ್ಗಿಸಿಕೊಂಡು, "ನಿಮ್ದು ಸೋಮವಾರ ಅಲ್ವಾ ಬುದ್ಧಿ, ಇವತ್ತು ಬುಧವಾರ" ಎಂದ. ಕನ್ನಡದಲ್ಲಿ ಹೇಳಿದ್ದರಿಂದ ಮರ್ಯಾದೆ ಉಳಿಯಿತು, ಉಣ್ಣುವುದು ಮಾತ್ರ ತಪ್ಪಲಿಲ್ಲ.

ಎರಡು ದಿನದ ಮೇಲೆ ಪ್ಲೇಟು ತೆಗೆಯುವ ಕೋಣೆಗೆ ಹೋದೆವು. ಬಿಳಿಯ ದೊರೆಯೊಬ್ಬ ಮಾದಯ್ಯನ ಭುಜ ಹಿಡಿದು, ದನಿ ಏರಿದಾಗ ಹಿಂದಕ್ಕೆ ಎಳೆದು, ಇಳಿದಾಗ ಕೊಂಬಿನೊಳಕ್ಕೆ ನೂಕುತ್ತಿದ್ದ. ರಾತ್ರಿಯೆಲ್ಲ ಹಾಡುವ ಪದವನ್ನು ಮೂರು ನಿಮಿಷಕ್ಕೆ ಇಳಿಸಬೇಕಾಗಿತ್ತು. ಮೊದಲನೆಯ ಸಲವೇ ಹಾಡು ಅದ್ಭುತವಾಗಿ ಬಂತು. ಕೊನೆಗೆ ಅವನು ಉಸಿರು ಎಳೆದುಕೊಂಡು, ಕೊಂಬಿನ ತುಂಬ, "ಮಿರ್ಲೆ ಮಾದಯ್ಯ" ಎಂದ. ಅಷ್ಟು ಚೆನ್ನಾಗಿ ಅವನು ಹಾಡನ್ನೂ ಹಾಡಿರಲಿಲ್ಲ.

ದೊರೆ ಸಂತೋಷಪಟ್ಟ. ನಾನು ಇಂಗ್ಲಿಷಿನಲ್ಲಿ, ಕೆಟ್ಟಿತು, ಕೊನೆಯಲ್ಲಿ ತಪ್ಪು ಮಾತು ಹೇಳಿದ ಎಂದೆ. ಆ ಮೇಣವನ್ನು ಹೆರೆದು ಹಾಕಿದರು. ಕಪ್ಪಗೆ ಸುರುಳಿ ಸುರುಳಿಯಾಗಿ ಬಿತ್ತು. ಮಾದಯ್ಯನಿಗೆ, ಹಾಡು ಮುಗಿದ ಮೇಲೆ ಬಾಯಿ ಮುಚ್ಚಿಕೊಂಡಿರು, ಹೆಸರು ಹೇಳುವುದನ್ನು ನನಗೆ ಬಿಡು, ನಿನ್ನ ಉಸಿರು ಸಾಲದು ಎಂದೆ. ಅವನು ನಂಬಿದ. ಎರಡನೆಯ ಸಲ ಅವನು ಹಾಡಿ ಪಕ್ಕಕ್ಕೆ ಸರಿದ. ನಾನು ಕೊಂಬಿಗೆ ಬಾಗಿ, "ಮಿರ್ಲೆ ಮಹದೇವ ಶಾಸ್ತ್ರಿಗಳು" ಎಂದೆ.

"ಯಾರೆಸ್ರು ಬುದ್ಧಿ ಅದು?"

"ನಿನ್ನದೇ ಕಣಯ್ಯ. ಸ್ವಲ್ಪ ದೊಡ್ಡದು ಮಾಡಿದೆ."

"ನನ್ನೆಸ್ರು ಚಿಕ್ಕುದಾಗಿತ್ತಾ?"

ನಾನು ದೊರೆಯ ಕಾಗದಕ್ಕೆ ರುಜು ಹಾಕಲು ಹೋದೆ.

ಅವನು ಜಗಳವಾಡಲಿಲ್ಲ. ಆದರೆ ಊರಿಗೆ ಬರುವುದಿಲ್ಲ ಎಂದ. ಮೆಹರಬಾನನ ಅಂಗಡಿಯಲ್ಲೇ ಇರುತ್ತೇನೆ, ಇಲ್ಲಿ ನನ್ನ ಹೆಸರಿದೆ, ಮುಂದಿನ ಸಲ ಬರುವಾಗ ಸಣ್ಣಮ್ಮನನ್ನು ಕರೆದುಕೊಂಡು ಬನ್ನಿ ಎಂದ. ಅಷ್ಟನ್ನು ನನಗೆ ಒಪ್ಪಿಸಿದ. ನಾನು ಒಪ್ಪಿಕೊಂಡೆ. ಮೆಹರಬಾನ್ ನನ್ನನ್ನು ರೈಲಿಗೆ ಬಿಡಲು ಬಂದ. ಅವನಿಗೆ ಎಲ್ಲ ತಿಳಿದಿತ್ತು. ಬಯ್ಯಲಿಲ್ಲ. ತನ್ನ ಅಜ್ಜನ ಕಥೆ ಹೇಳಿದ. ಇರಾನಿನಲ್ಲಿ ಜನ ಅಜ್ಜನನ್ನು ಹಿಡಿದುಕೊಂಡು, ನಾನು ಬಹಾಯಿ ಅಲ್ಲ ಎಂದು ಹೇಳು, ಬಿಡುತ್ತೇವೆ ಎಂದರಂತೆ. ಅಜ್ಜ ಹೇಳಿದ. ಬಿಟ್ಟರು. "ಭಾಯಿ, ಮನೆಗೆ ಬಂದ. ಆದರೆ ಅಜ್ಜಿ ಸಾಯುವತನಕ ಹೇಳುತ್ತಿದ್ದಳು, ಬಂದವನು ಅವನಲ್ಲ ಅಂತ" ಎಂದ.

ಪ್ಲೇಟು ಬಂತು. ನಾನು ಮಾರಿದ ಪ್ಲೇಟುಗಳಲ್ಲಿ ಅದರಷ್ಟು ಹೋದದ್ದು ಬೇರೆ ಇಲ್ಲ. ಹುಣಸೂರಿನಲ್ಲಿ, ಎಡತೊರೆಯಲ್ಲಿ ದೇವರ ಮನೆಯ ಎದುರಿಗೇ ಇಟ್ಟು ಕೇಳಿದರು. ಶಾಸ್ತ್ರಿಗಳು ಈಗೆಲ್ಲಿ ಎಂದು ಕೇಳಿದವರಿಗೆ ಕಾಶಿಯಲ್ಲಿ ಎಂದೆ. ಎಡತೊರೆಯ ವೃದ್ಧರೊಬ್ಬರು, ಅವರು ನಮ್ಮ ಷಡ್ಡಕನ ಕಡೆಯವರು, ಅವರ ತಂದೆಯದೂ ಇದೇ ಶಾರೀರ ಎಂದು ಗೋತ್ರ ಸಮೇತ ಹೇಳಿದರು. ನಾನು ಹೌದೆಂದೆ.

ಮಿರ್ಲೆಯ ಚಾವಡಿಯಲ್ಲೂ ಹಾಕಿದೆ. ಸಣ್ಣಮ್ಮ ಬಂದು ಅಂಗಳದ ಅಂಚಿನಲ್ಲಿ ನಿಂತಿದ್ದಳು. ಮೊದಲ ಸಾಲಿಗೇ ಅವಳಿಗೆ ಗೊತ್ತಾಯಿತು. ಸೆರಗು ಬಾಯಿಗೆ ಹಿಡಿದಳು. ಹಾಡು ಮುಗಿದು ಹೆಸರು ಬಂದ ಮೇಲೆ, ಅಷ್ಟು ಜನರ ಎದುರಿಗೆ, ನನಗೇ ಹೇಳಿದಳು: "ಆಡಿದ್ದು ನಮ್ಮೋರು. ಕಡೇಲಿ ಮಾತಾಡಿದ್ದು ನೀವಲ್ವಾ ಬುದ್ಧಿ?"

ಜನ ಗೊಳ್ಳೆಂದು ನಕ್ಕರು. "ಶಾಸ್ತ್ರಿಗಳು ನಿನ್ ಗಂಡನೇನಮ್ಮೀ? ಅಂಗಾದ್ರೆ ನಾಳೆಯಿಂದ ಮಡಿ ಉಟ್ಕೋ" ಎಂದು ಒಬ್ಬ ಎಂದ. ಪಟೇಲರು ನಗಲಿಲ್ಲ. "ಏನ್ರೀ ಏಜೆಂಟ್ರೇ, ಇವಳು ಹೇಳೋದು ನಿಜವೇ?" ಎಂದು ಕೇಳಿದರು. ಆಗ ಒಂದು ಮಾತು ಸಾಕಾಗಿತ್ತು. ನಾನು, "ಗಂಡ ಬರಲಿಲ್ಲವಲ್ಲ, ಪಾಪ, ಆ ಸಂಕಟ" ಎಂದೆ.

ಅವಳನ್ನು ಬೊಂಬಾಯಿಗೆ ಕರೆದುಕೊಂಡು ಹೋಗಲಿಲ್ಲ. ಮುಂದಿನ ಸಲ, ಸುಗ್ಗಿ ಕಳೆಯಲಿ, ಮಳೆ ನಿಲ್ಲಲಿ ಎಂದು ಮುಂದೂಡಿದೆ. ಕಾರಣ ಬೇರೆ ಏನೂ ಇರಲಿಲ್ಲ. ಬೊಂಬಾಯಿಯ ತನಕ ರೈಲಿನಲ್ಲಿ ಅವಳ ಎದುರಿಗೆ ಕೂರಬೇಕಾಗಿತ್ತು. ಅವಳು ಕೇಳಿದ ಮಾತನ್ನು ಮತ್ತೆ ಕೇಳುತ್ತಿದ್ದಳು. ಎರಡನೆಯ ವರ್ಷ ಕೇರಿಗೆ ಜ್ವರ ಬಂತು, ಅವಳು ತೀರಿಕೊಂಡಳು.

ನಾನು ಬೊಂಬಾಯಿಗೆ ಹೋಗಿ ಆ ಸುದ್ದಿ ಹೇಳಿದಾಗ ಮಾದಯ್ಯ ಮೆಹರಬಾನನ ಅಂಗಡಿಯಲ್ಲಿ ಲೋಟ ತೊಳೆಯುತ್ತಿದ್ದ. ತೊಳೆದು ಮುಗಿಸಿದ. "ಪ್ಲೇಟು ಕೇಳುದ್ಲಾ?" ಎಂದ. ಕೇಳಿದಳು ಎಂದೆ. "ನಂದೇ ಅಂತ ಗುರ್ತಿಡುದ್ಲಾ?" ಹಿಡಿದಳು ಎಂದೆ. "ಜನ ಏನಂದ್ರು?" ಎಂದ. ಎಲ್ಲರೂ ಒಪ್ಪಿದರು, ಇದು ನಮ್ಮ ಮಾದಯ್ಯನದೇ ಅಂದರು ಎಂದೆ. ಅವನ ಮುಖದಲ್ಲಿ ಆಗ ಬಂದ ಬೆಳಕನ್ನು ನಾನು ನೋಡಲಾರದೆ ಬೀದಿಗೆ ಬಂದೆ.

ಆಮೇಲೆ ಕಾಲ ಬದಲಾಯಿತು. ಮೈಕು ಬಂತು, ಕೊಂಬುಗಳು ಗುಜರಿಗೆ ಹೋದವು. ಭುಜ ಹಿಡಿದು ನೂಕುವ ಕೆಲಸ ತಪ್ಪಿತು. ಹಾಡುವವರು ಪಿಸುಗುಟ್ಟಿದರೂ ಕೇಳಿಸುವಂತಾಯಿತು. ಪ್ಲೇಟಿನ ನಡುವಿನ ಕಾಗದದಲ್ಲಿ ಅಚ್ಚಾದರೆ ಸಾಕೆಂದು ಹೆಸರು ಕೂಗುವುದನ್ನು ಬಿಟ್ಟರು. ನನ್ನ ಬಟ್ಟೆಬರೆ ಚೆನ್ನಾಯಿತು, ಸಂಬಳವೂ ಏರಿತು. ಅದನ್ನು ಬರೆದು ಪ್ರಯೋಜನವಿಲ್ಲ.

ಯುದ್ಧದ ವರ್ಷಗಳಲ್ಲಿ ಬೊಂಬಾಯಿಗೆ ಹೋಗಲಾಗಲಿಲ್ಲ. ಹೋದಾಗ ಮಾದಯ್ಯ ಇರಲಿಲ್ಲ. ಬಹಾಯಿಗಳ ಸ್ಮಶಾನದಲ್ಲಿ ಹೂಳಿದ್ದರು. ಸ್ವಲ್ಪ ಮೂಳೆಯಾದರೂ ಮಿರ್ಲೆಗೆ ಒಯ್ಯುತ್ತೇನೆ ಎಂದೆ. ಸತ್ತ ಊರಿನಿಂದ ಒಂದು ಗಂಟೆ ದಾರಿಗಿಂತ ದೂರಕ್ಕೆ ಒಯ್ಯಲು ನಮ್ಮಲ್ಲಿ ಕಟ್ಟಳೆಯಿಲ್ಲ ಎಂದು ಮೆಹರಬಾನ್ ಹೇಳಿದ. ಅವನಿಗೂ ಗಡ್ಡ ನೆರೆತಿತ್ತು. ಕೊನೆಯ ವರ್ಷಗಳಲ್ಲಿ ಮಾದಯ್ಯನೇ ತನ್ನ ಸರದಿ ಬಂದಾಗ ಆ ಹತ್ತೊಂಬತ್ತು ದಿನದ ಕೂಟಕ್ಕೆ ಯಜಮಾನನಾಗಿ ನಿಂತು ಎಲ್ಲರಿಗೂ ಬಡಿಸುತ್ತಿದ್ದನಂತೆ. ಊರಿನಲ್ಲಿ ನನ್ನ ಹೆಸರು ಎಲ್ಲರಿಗೂ ಗೊತ್ತು ಎಂದು ಹೇಳಿಕೊಳ್ಳುತ್ತಿದ್ದನಂತೆ. ಕಲ್ಲಿನ ಮೇಲೆ ಅವನ ಭಾಷೆಯಲ್ಲಿ ಬರೆಸಬೇಕೆಂದು, ಅಕ್ಷರ ತಿಳಿದವರಿಲ್ಲದೆ ಖಾಲಿ ಬಿಟ್ಟಿದ್ದರು. ನಾನು ಸೀಮೆಸುಣ್ಣದಲ್ಲಿ "ಮಿರ್ಲೆ ಮಾದಯ್ಯ" ಎಂದು ಬರೆದುಕೊಟ್ಟೆ. ಕಲ್ಲುಕುಟಿಗ ಆ ಗೆರೆಯ ಮೇಲೆಯೇ ಉಳಿ ಇಟ್ಟ. ಕನ್ನಡ ಓದುವವರು ಯಾರೂ ಆ ಕಡೆ ಹೋಗುವುದಿಲ್ಲ.

ವಾಪಸ್ಸು ಬಂದು, ಇನ್ನಾದರೂ ನಿಜ ಹೇಳಬೇಕೆಂದು ಹೊರಟೆ. ಪ್ಲೇಟು ಮಾರಿದ ಮನೆಗಳಿಗೆ ಒಂದೊಂದಕ್ಕೂ ಹೋದೆ. ಹಾಡಿದವನು ಶಾಸ್ತ್ರಿಯಲ್ಲ, ಮಿರ್ಲೆಯ ಕೇರಿಯ ಮಾದಯ್ಯ ಎಂದೆ. ಹುಣಸೂರಿನಲ್ಲಿ ನನಗೆ ಕಾಫಿ ಕೊಟ್ಟು ಕಳಿಸಿದರು. ಗೇಟು ದಾಟುವಾಗ ಪ್ಲೇಟು ಹಿತ್ತಲ ಕಲ್ಲಿಗೆ ಬಿದ್ದ ಸದ್ದು ಕೇಳಿಸಿತು. ಕೃಷ್ಣರಾಜನಗರದಲ್ಲಿ ಗೋತ್ರ ಹೇಳಿದ್ದ ವೃದ್ಧರ ಮಗ, ನಮ್ಮ ತಂದೆ ಸಾಯುವಾಗ ಕೇಳಿದ್ದು ಇದನ್ನೇ, ಈಗ ಬಂದು ಹೇಳಲು ನಾಚಿಕೆಯಾಗುವುದಿಲ್ಲವೇ ಎಂದು ನನ್ನ ಎದುರಿಗೇ ಮುರಿದ. ಪಿರಿಯಾಪಟ್ಟಣದಲ್ಲಿ ಒಲೆಗೆ ಹಾಕಿದರು. ಅದು ಕರಗಿ ಬಹಳ ನಾರುತ್ತದೆ. ಮಿರ್ಲೆಯ ಕೇರಿಗೂ ಹೋದೆ. ಮಾದಯ್ಯನ ತಮ್ಮ ಮುದುಕನಾಗಿದ್ದ. ಎಲ್ಲ ಕೇಳಿ, "ಇವಾಗ್ಯಾಕ್ ಬುದ್ಧಿ ಯೋಳೋಕ್ ಬಂದ್ರಿ, ಸುಮ್ಕಿದ್ದಿದ್ರೆ ಅವನ ದನಿಯಾದ್ರೂ ಆ ಮನೆಗಳಲ್ಲಿ ಇರ್ತಿತ್ತು" ಎಂದ.

ಸುಳ್ಳು ಹೇಳಿ ಅವನ ಹೆಸರು ಕಳೆದೆ. ನಿಜ ಹೇಳಿ ದನಿಯನ್ನೂ ಕಳೆದೆ. ಯಾವ ಹೊತ್ತಿಗೆ ಬಾಯಿ ಬಿಡಬೇಕಾಗಿತ್ತೆಂದು ನನಗೆ ಗೊತ್ತು. ಅದು ಪಟೇಲರು ಕೇಳಿದ ಹೊತ್ತು.

ಒಂದು ಪ್ಲೇಟು ಮಾತ್ರ ಉಳಿದಿತ್ತು, ಹೆಗ್ಗಡದೇವನಕೋಟೆಯ ಮೇಷ್ಟರೊಬ್ಬರ ಮನೆಯಲ್ಲಿ. ಒಳ್ಳೆಯ ಮನುಷ್ಯ, ಹಾಡು ಹಾಡೇ, ಇಟ್ಟುಕೊಳ್ಳುತ್ತೇನೆ ಎಂದರು. ನನಗಾಗಿ ಹಾಕಿದರು. ಪ್ಲೇಟು ಸವೆದು, ಮಾದಯ್ಯನ ದನಿ ಕಡಲೆ ಹುರಿಯುವ ಬಾಣಲೆಯೊಳಗಿಂದ ಬರುವಂತಿತ್ತು. ಎಷ್ಟೋ ಮಾತು ತಿಳಿಯಲಿಲ್ಲ. ಹಾಡು ಮುಗಿಯುತ್ತಲೇ ಮೇಷ್ಟರು ನನ್ನ ಮೇಲಿನ ಕನಿಕರದಿಂದ ಮುಳ್ಳು ಎತ್ತಲು ಕೈ ಚಾಚಿದರು. ಬಿಡಿ ಎಂದೆ. ಎಲ್ಲರೂ ಆಸೆಯಿಂದ ಮತ್ತೆ ಮತ್ತೆ ಕೇಳಿ ಸವೆಸಿದ್ದು ಹಾಡಿನ ಜಾಗವನ್ನು. ಹೆಸರು ಒಮ್ಮೆ ತಿಳಿದ ಮೇಲೆ ಆ ಮನೆಯವರು ಹಾಡು ಮುಗಿದ ಕೂಡಲೇ ಮುಳ್ಳು ಎತ್ತಿಬಿಡುತ್ತಿದ್ದರು. ಕೊನೆಯ ಆ ನಾಲ್ಕು ಗೀರು ಮಾತ್ರ ಹೊಸದರ ಹಾಗೇ ಇತ್ತು. "ಮಿರ್ಲೆ ಮಹದೇವ ಶಾಸ್ತ್ರಿಗಳು" ಎಂದು ನನ್ನ ಇಪ್ಪತ್ತೈದರ ದನಿ ಹೇಳಿತು. ಸ್ಪಷ್ಟವಾಗಿ, ಎಲ್ಲೂ ತಡವರಿಸದೆ.